ಮುಟ್ಟು ನಿಂತು 13 ವರ್ಷವಾದ ಅವ್ವನಿಗೆ ಈಗ ಹಾರ್ಮೋನ್ ಮಾತ್ರೆ ಕೊಡಿಸಬಹುದೇ?

ಪ್ರಶ್ನೆ: ಬಾಗಲಕೋಟೆಯಿಂದ

ನಮ್ಮ ಅವ್ವನಿಗೆ 61 ವರ್ಷ. ಮುಟ್ಟು ನಿಂತದ್ದು 48ರಲ್ಲಿ. ಕಳೆದ ವಾರ ಸ್ಕ್ಯಾನ್ ಮಾಡಿಸಿದಾಗ, ಕುತ್ತಿಗೆಯಲ್ಲಿ ಮಿದುಳಿಗೆ ರಕ್ತ ಒಯ್ಯುವ ನಾಳದ ಗೋಡೆ ದಪ್ಪವಾಗಿದೆ ಎಂದು ವರದಿ ಬಂದಿದೆ. ತಂಬಾಕು ಎಂದೂ ಮುಟ್ಟಿದವಳಲ್ಲ, ಇಂದಿಗೂ ಮನೆಮಂದಿಗೆಲ್ಲ ತಾನೇ ರೊಟ್ಟಿ ಬಡಿಯುತ್ತಾಳೆ. ಹೆಣ್ಣಿನ ಹಾರ್ಮೋನ್ ಆದ ಈಸ್ಟ್ರೋಜನ್ ಕಡಿಮೆಯಾದದ್ದೇ ಕಾರಣವಾದರೆ, ಅದನ್ನು ಮಾತ್ರೆಯ ರೂಪದಲ್ಲಿ ಕೊಟ್ಟರೆ ನಾಳ ಸರಿಹೋಗುವುದಿಲ್ಲವೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಸ್ತ್ರೀರೋಗ ವೈದ್ಯೆ, ವಿಜಯಪುರ

ತಂಗಿ, ನೀವು ಯೋಚಿಸಿದಂತೆಯೇ ವೈದ್ಯರೂ ಬಹುಕಾಲ ನಂಬಿದ್ದರು. ಈಸ್ಟ್ರೋಜನ್ ನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚಿಸಿ ನಾಳವನ್ನು ಸಡಿಲವಾಗಿಡುತ್ತದೆ; ರಕ್ತದಲ್ಲಿನ ಕೆಟ್ಟ ಕೊಲೆಸ್ಟ್ರಾಲನ್ನು, ಅಂದರೆ ಎಲ್‌ಡಿಎಲ್ ಅನ್ನು, ಯಕೃತ್ತು ಎಳೆದುಕೊಳ್ಳಲು ನೆರವಾಗುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕುಸಿದರೂ ಅಂಡಾಶಯವು ಗಂಡು ಹಾರ್ಮೋನ್ ಎನಿಸಿಕೊಳ್ಳುವ ಟೆಸ್ಟೋಸ್ಟೀರಾನನ್ನು ಸ್ವಲ್ಪಮಟ್ಟಿಗೆ ಸ್ರವಿಸುತ್ತಲೇ ಇರುವುದರಿಂದ ಇವೆರಡರ ಅನುಪಾತವೂ ಬದಲಾಗುತ್ತದೆ.

ಆದರೆ ಅಮೆರಿಕದಲ್ಲಿ 16,608 ಮಹಿಳೆಯರು ಪಾಲ್ಗೊಂಡಿದ್ದ ಈಸ್ಟ್ರೋಜನ್–ಪ್ರೊಜೆಸ್ಟಿನ್ (ಇದು ಈಸ್ಟ್ರೋಜನ್ ಜೊತೆಗೆ ಕೊಡುವ ಇನ್ನೊಂದು ಹಾರ್ಮೋನ್) ಪ್ರಯೋಗವನ್ನು, ಮಾತ್ರೆ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾಗಿ ಕಂಡದ್ದರಿಂದ, 2002ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಅವರ ಸರಾಸರಿ ವಯಸ್ಸು 63, ಹೆಚ್ಚುಕಡಿಮೆ ನಿಮ್ಮ ತಾಯಿಯವರ ವಯಸ್ಸೇ. 2016ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಮುಟ್ಟು ನಿಂತು 6 ವರ್ಷ ತುಂಬದವರಿಗೆ ಈಸ್ಟ್ರೋಜನ್‌ನ ಒಂದು ರೂಪವಾದ ಎಸ್ಟ್ರಾಡಿಯೋಲ್ ಕೊಟ್ಟಾಗ ಕುತ್ತಿಗೆಯ ನಾಳ ದಪ್ಪವಾಗುವ ವೇಗ ತಗ್ಗಿತು. 10 ವರ್ಷ ದಾಟಿದವರಲ್ಲಿ ಆ ಪ್ರಯೋಜನ ಕಾಣಲಿಲ್ಲ. ವೇಗ ತಗ್ಗಿದ ಮಾತ್ರಕ್ಕೆ ಹೃದಯಾಘಾತ ತಪ್ಪಿತೆಂದು ಅರ್ಥವಲ್ಲ ಎಂಬುದನ್ನೂ ಹೇಳಲೇಬೇಕು. ಆದ್ದರಿಂದ ನಾಳದ ಸಲುವಾಗಿ ಅವರಿಗೆ ಈಗ ಹಾರ್ಮೋನ್ ಬೇಡ. ಬಿ.ಪಿ., ಸಕ್ಕರೆ, ಎಲ್‌ಡಿಎಲ್ ಪರೀಕ್ಷೆ ಮಾಡಿಸಿ. ವೈದ್ಯರು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆದುಕೊಟ್ಟರೆ ಅದನ್ನು ನಡುವೆ ನಿಲ್ಲಿಸಬೇಡಿ.

ಪ್ರಶ್ನೆ: ಬೆಳಗಾವಿಯಿಂದ

ಡಾಕ್ಟರರೇ, ಕಳೆದ ವರ್ಷ, ನನಗೆ 38 ಇದ್ದಾಗ, ಗರ್ಭಕೋಶದೊಂದಿಗೆ ಎರಡೂ ಅಂಡಾಶಯಗಳನ್ನು ತೆಗೆದರು. ಹೃದಯದ ವಿಷಯವನ್ನು ಆಗ ಯಾರೂ ಎತ್ತಲಿಲ್ಲ. ನನಗೂ ಇದೇ ಉತ್ತರವೇ?

ಉತ್ತರ: ಸ್ತ್ರೀರೋಗ ವೈದ್ಯೆ, ವಿಜಯಪುರ

ಅಲ್ಲ. 45ಕ್ಕಿಂತ ಮೊದಲೇ ಅಂಡಾಶಯ ಕಳೆದುಕೊಂಡವರಲ್ಲಿ ಹೃದ್ರೋಗದ ಅಪಾಯ ಹೆಚ್ಚು. ಸ್ತನ ಕ್ಯಾನ್ಸರ್ ಅಥವಾ ರಕ್ತ ಹೆಪ್ಪುಗಟ್ಟಿದ ಹಿನ್ನೆಲೆ ಇಲ್ಲದಿದ್ದರೆ, ಮುಟ್ಟು ಸಹಜವಾಗಿ ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ಕೊಡುವುದೇ ರೂಢಿ. ಶಸ್ತ್ರಚಿಕಿತ್ಸೆಯ ಕಾಗದಗಳನ್ನು ತೆಗೆದುಕೊಂಡು ತಡಮಾಡದೆ ವೈದ್ಯರನ್ನು ಕಾಣಿರಿ.

ಬಾಗಲಕೋಟೆಯಿಂದ

ಇಂದು ಅವ್ವನ ಬಿ.ಪಿ. ನೋಡಿಸಿದೆವು, 164/92 ಇದೆ. ಎರಡು ಹೊತ್ತೂ ರೊಟ್ಟಿಯ ಮಗ್ಗುಲಿಗೆ ಉಪ್ಪಿನಕಾಯಿ ಇರಲೇಬೇಕು ಅವಳಿಗೆ. ಅದನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಸೋಮವಾರ ಹೃದ್ರೋಗ ತಜ್ಞರ ಬಳಿ ಕರೆದೊಯ್ಯುತ್ತಿದ್ದೇನೆ.