ಸಹಾಯ ಬೇಕು: ದೌರ್ಜನ್ಯದಿಂದ ಪಾರಾದ ತಾಯಿ-ಮಕ್ಕಳಿಗೆ ಬಾಡಿಗೆ ಮನೆ

ಕೌಟುಂಬಿಕ ದೌರ್ಜನ್ಯದಿಂದ ಹೊರಬಂದ ತಾಯಿ, ಇಬ್ಬರು ಮಕ್ಕಳಿಗೆ ಬಾಡಿಗೆ ಮನೆ ಬೇಕಾಗಿದೆ. ಮಗನಿಗೆ 14 ವರ್ಷ. ಆ ವಯಸ್ಸಿನ ಗಂಡುಮಕ್ಕಳನ್ನು ಎಷ್ಟೋ ಆಶ್ರಯಗೃಹಗಳು ಸೇರಿಸಿಕೊಳ್ಳುವುದಿಲ್ಲ. ತಾಯಂದಿರು ಮತ್ತೆ ಹಳೆಯ ಮನೆಗೇ ಮರಳುವುದಕ್ಕೆ ಇದೂ ಒಂದು ಕಾರಣ.

ಕರಾರು ಆಕೆಯ ಹೆಸರಿನಲ್ಲೇ ಆಗಬೇಕು, ಗಂಡನ ಸಹಿ ಕೇಳಬಾರದು. ಮುಂಗಡವನ್ನು ಕಂತಿನಲ್ಲಿ ಪಡೆಯುವವರಿದ್ದರೆ ದೊಡ್ಡ ಉಪಕಾರ. ಜಂಟಿ ಖಾತೆಯಿಂದ ಹಣ ತೆಗೆದರೆ ಎಲ್ಲಿ ತೆಗೆದರೆಂಬುದು ಆತನಿಗೂ ಕಾಣುತ್ತದೆ, ಹಾಗಾಗಿ ಅದನ್ನು ಮುಟ್ಟುವಂತಿಲ್ಲ. ಬೀಗ ಹೊಸದಾಗಿರಲಿ, ಹೊರಗೆ ದೀಪವಿರಲಿ.

ಮನೆಯ ವಿಳಾಸವನ್ನು ದಯವಿಟ್ಟು ಇಲ್ಲಿ ಬರೆಯಬೇಡಿ, ಅಡ್ಮಿನ್‌ಗೆ ಖಾಸಗಿಯಾಗಿ ಕಳಿಸಿ. ಆಕೆ ಯಾರೆಂದು ಗೊತ್ತಾದರೂ ಹಳೆಯ ನಂಬರಿಗೆ ಸಂದೇಶ ಹಾಕಬೇಡಿ; ಆ ನಂಬರಿನ ಮೆಸೇಜ್ ಖಾತೆ ಬೇರೆ ಫೋನಿನಲ್ಲೂ ತೆರೆದಿರಬಹುದು. ಮಕ್ಕಳ ಟ್ಯಾಬ್‌ನಿಂದಲೂ ಲೊಕೇಶನ್ ಸೋರಬಹುದು.

ಹೊಸ ಶಾಲೆಯ ಹೆಸರು ಹಳೆಯ ಶಾಲೆಯ ಕಡತಕ್ಕೆ ಹೋಗದಂತೆ ವರ್ಗಾವಣೆ ಮಾಡಿಸಿ ಗೊತ್ತಿರುವವರು, ಮಕ್ಕಳ ಆಪ್ತಸಮಾಲೋಚಕರು ಇದ್ದರೆ ಅವರೂ ಬೇಕು.