ಮನೆ ಕಟ್ಟುವ ಮುನ್ನ ಮಣ್ಣು ಪರೀಕ್ಷೆ: ಏನೇನು ಮಾಡಿಸಬೇಕು?

ಪ್ರಶ್ನೆ:
ಎರಡು ಅಂತಸ್ತಿನ ಮನೆ ಕಟ್ಟಿಸಲು ಹೊರಟಿದ್ದೇನೆ. ಪಕ್ಕದ ನಿವೇಶನದ ಮನೆ ಬಿರುಕಿಲ್ಲದೆ ನಿಂತಿರುವುದರಿಂದ ಮಣ್ಣು ಪರೀಕ್ಷೆ ದಂಡದ ಖರ್ಚು ಎನ್ನುತ್ತಾರೆ ಗುತ್ತಿಗೆದಾರರು. ವರದಿ ಕೈಸೇರದೆ ಪಾಯದ ನಕ್ಷೆ ಕೊಡುವುದಿಲ್ಲ ಎಂದು ಎಂಜಿನಿಯರ್ ಪಟ್ಟು ಹಿಡಿದಿದ್ದಾರೆ. ಪರೀಕ್ಷೆ ಬೇಕೇ ಬೇಕೇ? ಬೇಕಿದ್ದರೆ ಏನೇನು ಮಾಡಿಸಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಎಂಜಿನಿಯರ್ ಹೇಳುವುದೇ ಸರಿ. ಪಕ್ಕದ ಮನೆ ಗಟ್ಟಿ ನೆಲದ ಮೇಲಿದ್ದು, ನಿಮ್ಮ ನಿವೇಶನದ ಒಂದು ಮೂಲೆ ಹಿಂದೆಂದೋ ಮುಚ್ಚಿದ ಹಳ್ಳದ ಮೇಲೆ ಬಂದಿರಬಹುದು. ಮನೆ ಎಲ್ಲ ಕಡೆ ಸಮನಾಗಿ ತುಸು ಕುಸಿದರೆ ಅಷ್ಟು ಹಾನಿಯಿಲ್ಲ. ಒಂದು ಪಕ್ಕ ಹೆಚ್ಚು, ಇನ್ನೊಂದು ಪಕ್ಕ ಕಡಿಮೆ ಕುಸಿದಾಗಲೇ ಗೋಡೆಗಳು ಸೀಳುತ್ತವೆ. ಆದ್ದರಿಂದ ಒಂದೇ ಕಡೆ ಕೊರೆಸಿ ಮುಗಿಸದೆ, ಭಾರ ಹೆಚ್ಚು ಬೀಳುವ ಕಂಬಗಳ ಜಾಗವನ್ನೂ ಸೇರಿಸಿ ಎರಡು ಮೂರು ಕಡೆ ಕೊರೆಸಿ. ಪಾಯದ ತಳದಿಂದ ಕೆಳಕ್ಕೆ, ಫೂಟಿಂಗ್ (ಕಂಬದ ಅಡಿಯಲ್ಲಿ ಭಾರವನ್ನು ನೆಲಕ್ಕೆ ಹರಡುವ ಅಗಲವಾದ ಕಾಂಕ್ರೀಟ್ ಹಾಸು) ಅಗಲದ ಒಂದೂವರೆಯಿಂದ ಎರಡು ಪಟ್ಟು ಆಳದವರೆಗಾದರೂ ಮಣ್ಣಿನ ಪರಿಚಯ ಆಗಬೇಕು.

ಉತ್ತರ 2:
ಮೇಲಿನ ಮಾತಿಗೆ ಪೂರಕವಾಗಿ ಕೆಲವು ವಿವರಗಳು. ಹಾಗೆ ಕೊರೆದ ರಂಧ್ರದಲ್ಲಿ ಮಾಡುವ ಸ್ಟ್ಯಾಂಡರ್ಡ್ ಪೆನೆಟ್ರೇಶನ್ ಪರೀಕ್ಷೆಯಲ್ಲಿ 63.5 ಕಿಲೋ ತೂಕದ ಸುತ್ತಿಗೆಯನ್ನು ಸುಮಾರು 75 ಸೆಂ.ಮೀ. ಎತ್ತರದಿಂದ ಮತ್ತೆ ಮತ್ತೆ ಬೀಳಿಸಿ, ಮಾದರಿ ತೆಗೆಯುವ ಕೊಳವೆಯನ್ನು 45 ಸೆಂ.ಮೀ. ಇಳಿಸುತ್ತಾರೆ, ಮೊದಲ 15 ಸೆಂ.ಮೀ. ಬಿಟ್ಟು, ಉಳಿದ 30 ಸೆಂ.ಮೀ.ಗೆ ಬಿದ್ದ ಪೆಟ್ಟುಗಳ ಎಣಿಕೆಯೇ ಎನ್ ಮೌಲ್ಯ; ಅದು ಹೆಚ್ಚಿದ್ದಷ್ಟೂ ಮಣ್ಣು ಗಟ್ಟಿ ಎಂದರ್ಥ. ಆ ಹೊತ್ತಿಗೆ ನೀವೂ ಅಲ್ಲಿರುವುದು ಒಳ್ಳೆಯದು, ಪೆಟ್ಟು ಎಣಿಸಲು ಪದವಿಯೇನೂ ಬೇಕಿಲ್ಲ. ಉಕ್ಕಿನ ತಟ್ಟೆಯ ಮೇಲೆ ಭಾರ ಹೇರಿ ನೆಲ ಎಷ್ಟು ಕುಸಿಯುತ್ತದೆಂದು ಅಳೆಯುವ ಪ್ಲೇಟ್ ಲೋಡ್ ಪರೀಕ್ಷೆಯೊಂದೇ ಸಾಕೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 30 ಸೆಂ.ಮೀ. ಅಗಲದ ತಟ್ಟೆಯ ಒತ್ತಡ ಗಣನೀಯವಾಗಿ ಮುಟ್ಟುವುದು ಸುಮಾರು 60 ಸೆಂ.ಮೀ. ಆಳವನ್ನಷ್ಟೇ, ಅದರ ಕೆಳಗಿನ ಮೆತ್ತನೆಯ ಪದರ ಪತ್ತೆಯಾಗುವುದಿಲ್ಲ, ಆದರೆ ಅಗಲವಾದ ನಿಜವಾದ ಫೂಟಿಂಗ್‌ನ ಭಾರ ಆ ಪದರವನ್ನು ತಲುಪಿಯೇ ತಲುಪುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ನಮ್ಮದು ಬೇಸಿಗೆಯಲ್ಲಿ ಬಾಯಿಬಿಡುವ ಎರೆಮಣ್ಣು. ಒಣಗಿದಾಗ ಗುದ್ದಲಿಯೂ ಇಳಿಯದಷ್ಟು ಗಟ್ಟಿ.

ಉತ್ತರ 3:
ಹಾಗಿದ್ದರೆ ಆ ಗಟ್ಟಿತನವನ್ನು ನಂಬಬೇಡಿ. ಈ ಮಣ್ಣು ನೀರು ಕುಡಿದು ಉಬ್ಬಿ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಪರೀಕ್ಷಿಸಿದರೆ ಎನ್ ಮೌಲ್ಯ ಮಳೆಗಾಲದ್ದಕ್ಕಿಂತ ಹೆಚ್ಚಾಗಿಯೇ ಕಾಣಬಹುದು. ಉಬ್ಬುವಿಕೆಯ ಪರೀಕ್ಷೆ, ದ್ರವ ಮಿತಿ ಮತ್ತು ಸುನಮ್ಯ ಮಿತಿ (ಎಷ್ಟು ತೇವಕ್ಕೆ ಮಣ್ಣು ಹರಿಯುವಂತಾಗುತ್ತದೆ, ಎಷ್ಟು ತೇವಕ್ಕೆ ನಾದಬಹುದಾದಷ್ಟು ಮೆತ್ತಗಾಗುತ್ತದೆ ಎಂಬ ಅಳತೆಗಳು), ಅಂತರ್ಜಲದ ಮಟ್ಟ, ಕಾಂಕ್ರೀಟನ್ನು ತಿನ್ನುವ ಸಲ್ಫೇಟ್‌ನ ಪ್ರಮಾಣ ಇವೆಲ್ಲವೂ ವರದಿಯಲ್ಲಿರಲಿ. ಧಾರಣ ಸಾಮರ್ಥ್ಯದ, ಅಂದರೆ ಮಣ್ಣು ಹೊರಬಲ್ಲ ಭಾರದ, ಒಂದು ಅಂಕಿಯನ್ನಷ್ಟೇ ಬರೆದುಕೊಟ್ಟ ವರದಿಯಿಂದ, ಫೂಟಿಂಗ್ ಸಾಕೇ ಅಥವಾ ತಳದಲ್ಲಿ ಗಡ್ಡೆಯಂತೆ ಅಗಲಿಸಿದ, ನೆಲದಾಳಕ್ಕೆ ಇಳಿಯುವ ಕಾಂಕ್ರೀಟ್ ಕಂಬ, ಅಂದರೆ ಅಂಡರ್‌ರೀಮ್ಡ್ ಪೈಲ್ ಬೇಕೇ ಎಂದು ನಿಮ್ಮ ಎಂಜಿನಿಯರ್ ನಿರ್ಧರಿಸಲಾರರು.