ಹೋಮ್ ಲೋನ್ ಬೇರೆ ಬ್ಯಾಂಕಿಗೆ ಬದಲಾಯಿಸಬೇಕಾ?

ಪ್ರಶ್ನೆ:
ಮೈಸೂರಿನಲ್ಲಿ ಮನೆ ಕಟ್ಟಿಸಲು 2018ರಲ್ಲಿ ಸಾಲ ತೆಗೆದುಕೊಂಡಿದ್ದೆ. ಇನ್ನೂ 32 ಲಕ್ಷ ಬಾಕಿ, 14 ವರ್ಷ ಇದೆ. ಬಡ್ಡಿ 9.4%. ಇನ್ನೊಂದು ಬ್ಯಾಂಕಿನವರು 8.1% ಕೊಡ್ತೀವಿ ಅಂತಿದ್ದಾರೆ. ಇಎಂಐ 34,300ರಿಂದ 31,900ಕ್ಕೆ ಇಳಿಯುತ್ತದೆ. ಆದರೆ ಪ್ರೊಸೆಸಿಂಗ್ ಫೀ, ಲೀಗಲ್, ಅಡಮಾನ ನೋಂದಣಿ ಸೇರಿ 33,000 ಖರ್ಚು. ಮಗಳು ಈ ವರ್ಷ ಪಿಯುಸಿ. ತಿಂಗಳಿಗೆ 2,400 ಉಳಿದರೂ ನಮಗೆ ದೊಡ್ಡದು. ಏನು ಮಾಡಲಿ?

ಉತ್ತರ 1:
ಮೊದಲು ನಿಮ್ಮ ಬ್ಯಾಂಕಿಗೇ ಹೋಗಿ ಸರ್. 2018ರ ಸಾಲ ಅಂದ್ರೆ, ಬ್ಯಾಂಕೇ ತನ್ನ ಖರ್ಚು ನೋಡಿ ನಿಗದಿ ಮಾಡುವ ಬಡ್ಡಿ ದರವಾದ ಎಂಸಿಎಲ್‌ಆರ್‌ನಲ್ಲೇ ಇರಬಹುದು. ರೆಪೋ ದರಕ್ಕೆ (ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ) ಜೋಡಿಸಿ ಎಂದು ಅರ್ಜಿ ಬರೆದುಕೊಡಿ. 2025ರಲ್ಲಿ ರೆಪೋ 6.5ರಿಂದ 5.25ಕ್ಕೆ ಇಳಿದಿದೆ, ಆ ಲಾಭ ನಿಮಗೂ ಸಿಗಬೇಕಲ್ವಾ? ಬದಲಾವಣೆಗೆ ಸ್ವಲ್ಪ ಶುಲ್ಕ ಇರುತ್ತದೆ, ಹೊಸ ಅಡಮಾನದ ಖರ್ಚು ಇರೋದಿಲ್ಲ.

ಉತ್ತರ 2:
ನಿಮ್ಮ ಬ್ಯಾಂಕಿನವರು ಒಪ್ಪದಿದ್ದರೆ ಧೈರ್ಯವಾಗಿ ಬದಲಾಯಿಸಿ. 33,000 ಖರ್ಚು 14 ತಿಂಗಳಲ್ಲಿ ವಾಪಸ್ ಬರುತ್ತದೆ. ಫ್ಲೋಟಿಂಗ್ (ಬಡ್ಡಿ ದರ ಏರಿಳಿಯುವ) ಸಾಲ ಮುಂಚೆ ತೀರಿಸಿದ್ದಕ್ಕೆ ದಂಡ ಹಾಕುವಂತಿಲ್ಲ, ಆರ್‌ಬಿಐ ನಿಯಮ ಇದೆ. ಒಂದೇ ಎಚ್ಚರಿಕೆ: ಹೊಸಬರು ಅವಧಿಯನ್ನು 20 ವರ್ಷ ಮಾಡಿ ಇಎಂಐ ಇನ್ನೂ ಕಮ್ಮಿ ತೋರಿಸ್ತಾರೆ. ಒಪ್ಪಬೇಡಿ. ಒಟ್ಟು ಬಡ್ಡಿ ಜಾಸ್ತಿ ಆಗುತ್ತದೆ.

ಉತ್ತರ 3:
ನಾನು ಹೋದ ವರ್ಷ ಬದಲಾಯಿಸಿದೆ. ಇಎಂಐ ಇಳಿಸದೆ ಹಳೆಯದನ್ನೇ ಕಟ್ಟುತ್ತಿದ್ದೇನೆ, ಅಸಲು ಬೇಗ ಕರಗುತ್ತಿದೆ. ಕ್ರಯಪತ್ರ, ಖಾತೆ ಎಲ್ಲದರ ಪಟ್ಟಿಯನ್ನು ಹಳೇ ಬ್ಯಾಂಕಿನಿಂದ ಮೊದಲೇ ಬರೆಸಿಕೊಳ್ಳಿ. ಸಾಲ ತೀರಿದ 30 ದಿನದೊಳಗೆ ಮೂಲ ಪತ್ರ ಕೊಡಬೇಕು. ಅವರಿಂದಲೇ ತಡವಾದರೆ ದಿನಕ್ಕೆ 5,000 ಪರಿಹಾರ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಸೋಮವಾರ ನಮ್ಮ ಬ್ರಾಂಚಿಗೆ ಅರ್ಜಿ ಕೊಡ್ತೀನಿ.